ಸೀಕೋ (Seiko) ಎನ್‌ಎಚ್35 ಯಂತ್ರವಿರುವ ಆಟೋಮ್ಯಾಟಿಕ್ ವಾಚ್ ಟೈಮ್ ತಪ್ಪದಿರಲು
ಆಟೋಮ್ಯಾಟಿಕ್ ವಾಚ್ ಕೈಯ ಅಲುಗಾಟದಿಂದಲೇ ಕೀ ತುಂಬಿಕೊಳ್ಳುತ್ತದೆ. ಪೂರ್ತಿ ಕೀ ತುಂಬಿದರೆ ಇದು ಸುಮಾರು 41 ಗಂಟೆ ಓಡುತ್ತದೆ. ಆದರೆ ಸ್ಪ್ರಿಂಗ್ ಸಡಿಲವಾದಂತೆ ಟೈಮ್ ಲೆಕ್ಕ ಇಡುವ ಬ್ಯಾಲೆನ್ಸ್ ಚಕ್ರದ ತೂಗಾಟ ಕುಗ್ಗಿ ಟೈಮ್ ಏರುಪೇರಾಗುತ್ತದೆ. ಹಾಗಾಗಿ ದಿನಕ್ಕೆ 10–12 ಗಂಟೆ ಕಟ್ಟಿಕೊಳ್ಳಿ. ಕುಳಿತೇ ಕೆಲಸ ಮಾಡುವವರಿಗೆ ಅದೂ ಸಾಲದೆ ಹೋಗಬಹುದು. ಬೆಳಿಗ್ಗೆ ಕಟ್ಟುವ ಮುಂಚೆ ಕ್ರೌನನ್ನು (ಪಕ್ಕದ ಕೀ ಗುಬುಟನ್ನು) 20–30 ಸುತ್ತು ತಿರುಗಿಸಿ.

ವೈಂಡರ್ (ವಾಚನ್ನು ತಿರುಗಿಸಿ ಕೀ ತುಂಬುವ ಪೆಟ್ಟಿಗೆ) ಇದ್ದರೆ ಎರಡೂ ದಿಕ್ಕು, ದಿನಕ್ಕೆ 650–800 ಸುತ್ತು ಇಡಿ. ಆದರೆ ಮಿಯೋಟಾ 8215 ಎಂಬ ಬೇರೆ ಕಂಪನಿಯ ಯಂತ್ರ ಒಂದೇ ದಿಕ್ಕಿನಲ್ಲಿ ಕೀ ತುಂಬಿಕೊಳ್ಳುತ್ತದೆ. ದಿಕ್ಕು ತಪ್ಪಿಟ್ಟರೆ ವೈಂಡರ್ ತಿರುಗುತ್ತಲೇ ಇರುತ್ತದೆ, ವಾಚ್ ನಿಂತಿರುತ್ತದೆ! ಒಂದೇ ವಾಚ್ ಇರುವವರಿಗೆ ವೈಂಡರ್ ಬೇಕಿಲ್ಲ.

ಎನ್‌ಎಚ್35ಗೆ ದಿನಕ್ಕೆ −20ರಿಂದ +40 ಸೆಕೆಂಡ್ ವ್ಯತ್ಯಾಸ ಕಂಪನಿಯೇ ಹೇಳುವ ಮಿತಿ. ಇದ್ದಕ್ಕಿದ್ದಂತೆ ನಿಮಿಷಗಟ್ಟಲೆ ಮುಂದೆ ಓಡಿದರೆ ಮೊದಲು ಅಯಸ್ಕಾಂತವನ್ನು ಅನುಮಾನಿಸಿ. ಸ್ಪೀಕರ್, ಮೊಬೈಲ್ ಕವರಿನ ಮ್ಯಾಗ್ನೆಟ್‌ನಿಂದ ದೂರವಿಡಿ, ಡಿಮ್ಯಾಗ್ನೆಟೈಸ್ ಮಾಡಿಸಿ (ಅಂಟಿದ ಅಯಸ್ಕಾಂತ ಗುಣ ತೆಗೆಸಿ). ಅದಕ್ಕೂ ಮುಂಚೆ ವೇಗ ಹೊಂದಿಸುವ ರೆಗ್ಯುಲೇಟರ್ ಮುಟ್ಟಿಸಬೇಡಿ.