ಠಾಣೆಯ ಮೇಜಿನ ಮೇಲಿದ್ದ ಹಳೇ ಕಟಿಂಗ್

ಕೋಲಾರ ಜಿಲ್ಲೆಯಲ್ಲಿ ಪತ್ರಕರ್ತರ ಸಂಘದ ಜವಾಬ್ದಾರಿ ಹೊತ್ತ ಹೊಸದರಲ್ಲಿ ನಾನು ಬರೆದದ್ದೆಲ್ಲ ಮನವಿಪತ್ರಗಳೇ. ಬಸ್ ಪಾಸು, ನಿವೇಶನ, ಆರೋಗ್ಯ ಕಾರ್ಡು. ಅವೂ ಬೇಕು. ಆದರೆ ಸಂಘ ಯಾಕೆ ಬೇಕು ಅಂತ ಗೊತ್ತಾಗಿದ್ದು ಒಂದು ರಾತ್ರಿ, ಠಾಣೆಯಲ್ಲಿ.

ಕೆರೆ ಒತ್ತುವರಿ ಬಗ್ಗೆ ಬರೆದಿದ್ದ ಹುಡುಗನ ಫೋನ್ ಬಂತು. "ಅಣ್ಣಾ, ಬೆಳಿಗ್ಗೆಯಿಂದ ಕೂರಿಸಿದ್ದಾರೆ. ಮಾಹಿತಿ ಕೊಟ್ಟಿದ್ದು ಯಾರು ಅಂತ ಕೇಳ್ತಿದ್ದಾರೆ." ತಕ್ಷಣ ಹೋದೆ. "ಲಿಖಿತ ನೋಟಿಸ್ ಕೊಡಿ ಸರ್, ಬಂದು ಉತ್ತರ ಕೊಡ್ತಾನೆ" ಅಂದೆ. ಅಧಿಕಾರಿ ಡ್ರಾಯರ್‌ನಿಂದ ಒಂದು ಕಟಿಂಗ್ ತೆಗೆದು ನನ್ನ ಕಡೆ ತಳ್ಳಿದರು. ಪೋಕ್ಸೊ, ಅಂದರೆ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆ ಕಾಯ್ದೆಯ ಪ್ರಕರಣವೊಂದರ ಸುದ್ದಿ. ಬಾಲಕಿಯ ಹೆಸರು ಇರಲಿಲ್ಲ. ಆದರೆ ಊರು, ಓದುವ ತರಗತಿ, ಅಪ್ಪ ಮಾಡುವ ಕೆಲಸ ಎಲ್ಲ ಇತ್ತು. ನಲವತ್ತು ಮನೆಯ ಊರು ಅದು.

"ಇದನ್ನ ಬರೆದವರೂ ನಿಮ್ಮವರೇ ಅಲ್ವಾ?"

ಹೌದು, ನಮ್ಮ ಸದಸ್ಯರೇ. ಸುದ್ದಿ ಬಂದ ದಿನ ನಾನೂ ಓದಿ ಸುಮ್ಮನಿದ್ದೆ. ಒಬ್ಬರ ತಪ್ಪಿಗೆ ಇನ್ನೊಬ್ಬನನ್ನು ದಿನವೆಲ್ಲ ಕೂರಿಸುವ ಹಾಗಿಲ್ಲ ಅಂತ ವಾದ ಮಾಡಿ ಹುಡುಗನನ್ನು ಕರೆತಂದೆ. ವಾದ ಸರಿಯೇ ಇತ್ತು. ಆದರೂ ನನ್ನ ದನಿಯಲ್ಲಿ ಬಲ ಇರಲಿಲ್ಲ.

ಮುಂದಿನ ಸಭೆಯಲ್ಲಿ ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ಓದಿದೆ. ಹೆಸರು ಮಾತ್ರ ಅಲ್ಲ, ವಿಳಾಸ, ಫೋಟೊ, ಮನೆಯವರ ವಿವರ, ಶಾಲೆ, ನೆರೆಹೊರೆ ಯಾವುದೂ ಬರಬಾರದು. ಬಂದರೆ 6 ತಿಂಗಳಿಂದ 1 ವರ್ಷದವರೆಗೆ ಜೈಲು, ಇಲ್ಲವೇ ದಂಡ, ಅಥವಾ ಎರಡೂ. ಹಿರಿಯರೊಬ್ಬರು ಎದ್ದರು. "ಸಂಘ ಇರೋದು ನಮ್ಮನ್ನ ಕಾಯೋಕೆ, ತಪ್ಪು ಹುಡುಕೋಕಲ್ಲ." ಇನ್ನೊಬ್ಬರು, "ಕಚೇರೀಲಿ ಸುದ್ದಿ ತಿದ್ದೋ ಡೆಸ್ಕ್‌ನವರೇ ಊರಿನ ಹೆಸರು ಕೇಳ್ತಾರೆ, ಕೊಡದಿದ್ರೆ ಸುದ್ದಿನೇ ಹಾಕಲ್ಲ" ಅಂದರು. ಇದು ನಿಜವಾದ ಕಷ್ಟ. ಸುದ್ದಿಗಿಷ್ಟು ಅಂತ ದುಡ್ಡು ಪಡೆಯುವ ಸ್ಟ್ರಿಂಗರ್ ಡೆಸ್ಕ್ ಜೊತೆ ಜಗಳ ಆಡೋಕಾಗುತ್ತಾ? ಅವತ್ತಿನಿಂದ ಅಂಥ ಸುದ್ದಿ ಇದ್ದಾಗ ಡೆಸ್ಕ್‌ಗೆ ನಾನೇ ಫೋನ್ ಮಾಡುತ್ತೇನೆ. "ತಾಲ್ಲೂಕಿನ ಹೆಸರಿಗೇ ನಿಲ್ಲಿಸಿ ಸರ್" ಅಂತ.

ಸಂವಿಧಾನದಲ್ಲಿ ಪತ್ರಿಕೆಗೆ ಅಂತ ಬೇರೆ ಹಕ್ಕೇನೂ ಬರೆದಿಲ್ಲ. 19(1)(ಎ) ವಿಧಿಯ ಮಾತಿನ ಹಕ್ಕು ಎಲ್ಲ ನಾಗರಿಕರದ್ದು. ಟೊಮೆಟೊ ಮಂಡಿಯಲ್ಲಿ ಕ್ರೇಟ್ ಹೊರುವವರಿಗೆ ಎಷ್ಟಿದೆಯೋ ನಮಗೂ ಅಷ್ಟೇ. ಜನ ನಮ್ಮ ಬೆನ್ನಿಗಿಲ್ಲದಿದ್ದರೆ ಆ ಹಕ್ಕನ್ನು ಉಳಿಸಿಕೊಳ್ಳೋದು ಕಷ್ಟ. 1932ರಲ್ಲಿ ನಮ್ಮ ರಾಜ್ಯ ಸಂಘ ಕಟ್ಟಿದ ಡಿವಿಜಿ ಇದೇ ಜಿಲ್ಲೆಯ ಮುಳಬಾಗಿಲಿನವರು. ಜುಲೈ 1ರ ಪತ್ರಿಕಾ ದಿನಕ್ಕೆ ಅವರ ಫೋಟೊಗೆ ಹಾರ ಹಾಕುತ್ತೇವೆ. ಈಗ ಅದೇ ವೇದಿಕೆಯಲ್ಲಿ ಆಯಾ ವರ್ಷ ನಾವು ಮಾಡಿದ ತಪ್ಪುಗಳನ್ನೂ ಓದುತ್ತೇವೆ.

ಆ ಸುದ್ದಿ ಬರೆದವರಿಗೆ ತುಂಬಾ ನೋವಾಗಿತ್ತು. ಬಾಲಕಿಯ ಮನೆಗೆ ಹೋಗಿ ಕ್ಷಮೆ ಕೇಳುತ್ತೇನೆ ಅಂದರು. ಬೇಡ ಅಂದೆ. ಪ್ರೆಸ್ ಅಂತ ಬರೆದ ಬೈಕು ಆ ಬಾಗಿಲಲ್ಲಿ ನಿಂತರೆ ಊರು ಮತ್ತೆ ಮಾತಾಡುತ್ತದೆ. ಅದರ ಬದಲು ವೆಬ್‌ಸೈಟಿನಲ್ಲಿದ್ದ ಪ್ರತಿ ತೆಗೆಸೋಕೆ ಇಬ್ಬರೂ ಪತ್ರ ಬರೆದೆವು. 11 ದಿನ ಹಿಡಿಯಿತು. ಅಷ್ಟೂ ದಿನ ಬೆಳಿಗ್ಗೆ ಎದ್ದ ಕೂಡಲೇ ಆ ಲಿಂಕ್ ಒತ್ತಿ ನೋಡುತ್ತಿದ್ದೆ.