ಬಿಸಿಲಿಗೆ ಇಡಬಾರದ ಬ್ರಷ್

ಐದು ಬ್ರಷ್ ಹಾಳು ಮಾಡಿದ ಮೇಲೆ ನನಗೆ ಬಂದ ಬುದ್ಧಿ ಇದು.

ನಮ್ಮ ಮನೆ ವಿಜಯಪುರದಲ್ಲಿ. ಸೊಸೆ ಮುಂದಿನ ಕೋಣೆಯಲ್ಲಿ ಕೂತು ಜೆಲ್ ನೇಲ್ಸ್ ಮಾಡುತ್ತಾಳೆ, ಅಂದರೆ ಉಗುರಿಗೆ ಬ್ರಷ್‌ನಿಂದ ಜೆಲ್ ಹಚ್ಚಿ ದೀಪದಲ್ಲಿ ಗಟ್ಟಿ ಮಾಡುವ ಅಲಂಕಾರ. ಮದುವೆ ಸೀಸನ್ ಬಂತು ಅಂದರೆ ಮದುಮಗಳು, ಅವಳ ಅಕ್ಕ, ತಂಗಿ, ಗೆಳತಿಯರು ಅಂತ ಒಂದು ಪಾಳಿಯೇ ಇರುತ್ತದೆ. ಒಂದು ಏಪ್ರಿಲ್‌ನಲ್ಲಿ ಹೀಗೇ ಕೆಲಸ ಮುಗಿಸಿ ಅವಳು ಸುಸ್ತಾಗಿ ಮಲಗಿದ್ದಳು. ಮೇಜಿನ ಮೇಲೆ ಬ್ರಷ್‌ಗಳು ಅಂಟಂಟಾಗಿ ಬಿದ್ದಿದ್ದವು. ಪಾಪ, ನಾನೂ ಸ್ವಲ್ಪ ಕೈ ಹಚ್ಚೋಣ ಅಂದುಕೊಂಡೆ. ಪಾತ್ರೆ ತಿಕ್ಕುವ ಸೋಪು ಹಾಕಿ ತೊಳೆದು, ಮೊರದಲ್ಲಿ ಹರವಿ, ಮಾಳಿಗೆ ಮೇಲೆ ಬಿಸಿಲಿಗೆ ಇಟ್ಟು ಬಂದೆ. ಮೆಣಸಿನಕಾಯಿ, ಹಪ್ಪಳ, ಸಂಡಿಗೆ ಒಣಗಿಸಿ ರೂಢಿಯಾದ ಕೈ ಇದು. ತೊಳೆದದ್ದು ಏನೇ ಇರಲಿ, ಬಿಸಿಲು ತೋರಿಸಿದರೇ ನನಗೆ ಸಮಾಧಾನ.

ಅರ್ಧ ಗಂಟೆ ಬಿಟ್ಟು ಹೋಗಿ ನೋಡಿದರೆ ಐದೂ ಬ್ರಷ್ ಕಡ್ಡಿಯ ಹಾಗೆ ಸೆಟೆದು ನಿಂತಿವೆ. "ಅತ್ತಿ, ಇದು ಬಿಸಲಿಗೇ ಗಟ್ಟಿ ಆಗೂದ್ರಿ" ಅಂದಳು ಸೊಸೆ. ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು. ಅವತ್ತಿನಿಂದ ಬ್ರಷ್ ನೋಡಿಕೊಳ್ಳುವ ಕೆಲಸ ನಾನೇ ತೆಗೆದುಕೊಂಡೆ. ಈಗ ಅವಳಿಗಿಂತ ನನಗೇ ಅದರ ಚಿಂತೆ ಜಾಸ್ತಿ.

ಮಾಮೂಲಿ ನೇಲ್ ಪಾಲಿಶ್ ಗಾಳಿಗೆ ಒಣಗುತ್ತದೆ. ಜೆಲ್ ಹಾಗಲ್ಲ, ಅದಕ್ಕೆ ಬೆಳಕು ಬೇಕು. ಯು.ವಿ. ಬೆಳಕು ಬಿದ್ದರೆ ಸಾಕು, ಒಳಗಿನ ಸಣ್ಣ ಸಣ್ಣ ಕಣಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಬಲೆಯ ಹಾಗೆ ಹೆಣೆದುಕೊಳ್ಳುತ್ತವೆ. ಎಲ್‌ಇಡಿ ದೀಪದಲ್ಲಿ 30ರಿಂದ 60 ಸೆಕೆಂಡಿನಲ್ಲಿ ಉಗುರಿನ ಮೇಲೆ ಗಟ್ಟಿಯಾಗುವುದು ಹೀಗೆ. ಆ ದೀಪಗಳು ಕೊಡುವುದು ಸುಮಾರು 365ರಿಂದ 405 ನ್ಯಾನೋಮೀಟರ್ ಅಲೆಯುದ್ದದ ಬೆಳಕು. ಅದೇ ಬೆಳಕು ನಮ್ಮೂರ ಬಿಸಿಲಲ್ಲಿ ಬೇಕಾದಷ್ಟಿದೆ. ಕಿಟಕಿಯ ಗಾಜು ಮುಚ್ಚಿದೆಯಲ್ಲ ಅಂತ ಸುಮ್ನೆ ಇರಬೇಡಿ, ಅದರಲ್ಲಿ ಬಹಳಷ್ಟು ಗಾಜು ದಾಟಿ ಒಳಗೆ ಬರುತ್ತದೆ. ಇನ್ನೊಂದು ಮಜಾ ಏನೆಂದರೆ, ಗಾಳಿ ಜೆಲ್ಲನ್ನು ಒಣಗಿಸುವುದಿರಲಿ, ಗಟ್ಟಿಯಾಗದ ಹಾಗೆ ತಡೆಯುತ್ತದೆ. ದೀಪದಿಂದ ತೆಗೆದ ಉಗುರಿನ ಮೇಲೆ ತೆಳ್ಳಗೆ ಅಂಟು ಉಳಿಯುತ್ತದಲ್ಲ, ಅದು ಗಾಳಿ ತಾಗಿದ ಪದರ.

ಅಂದರೆ ಈ ಬ್ರಷ್‌ಗೆ ಬೇಕಾದದ್ದು ಕತ್ತಲೆ. ಅದಕ್ಕೆ ನಾನು ಕಂಡುಕೊಂಡದ್ದು ಮಕ್ಕಳ ಕಂಪಾಸ್ ಡಬ್ಬಿ. ಮೊಮ್ಮಗನ ಹಳೆಯದೊಂದು ಮೂಲೆಯಲ್ಲಿ ಬಿದ್ದಿತ್ತು. ತಗಡಿನದು, ಮುಚ್ಚಿದರೆ ಒಳಗೆ ಬೆಳಕಿಲ್ಲ, ಧೂಳೂ ಇಲ್ಲ. ಬ್ರಷ್ ಅಡ್ಡಡ್ಡ ಮಲಗುತ್ತದೆ. ಈ ಮಲಗಿಸುವುದು ಮುಖ್ಯ. ಪೆನ್ ಸ್ಟ್ಯಾಂಡಿನಲ್ಲಿ ಕೂದಲು ಮೇಲೆ ಮಾಡಿ ನಿಲ್ಲಿಸಿದರೆ ನೋಡಲು ಚಂದ. ಆದರೆ ಉಳಿದ ಜೆಲ್ ಮೆಲ್ಲಗೆ ಕೆಳಗಿಳಿದು, ಕೂದಲು ಹಿಡಿದಿರುವ ತಗಡಿನ ಕೊರಳೊಳಗೆ ಸೇರುತ್ತದೆ. ಬೇಸಿಗೆಯಲ್ಲಿ ಇನ್ನೂ ಬೇಗ, ಯಾಕೆಂದರೆ ಸೆಕೆಗೆ ಜೆಲ್ ತೆಳುವಾಗುತ್ತದೆ. ಕೊರಳಲ್ಲಿ ಗಟ್ಟಿಯಾದರೆ ಕೂದಲು ಎರಡು ಪಾಲಾಗಿ ಕವಲೊಡೆಯುತ್ತದೆ. ಆಮೇಲೆ ಆ ಬ್ರಷ್‌ನಲ್ಲಿ ನೆಟ್ಟಗೆ ಒಂದು ಗೆರೆ ಬಾರದು.

ನಮ್ಮ ಮಾವನವರು ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದರು. "ಬಣ್ಣ ಕೊಳ್ಳಿಗೆ ಹೋತಂದ್ರ ಬ್ರಷ್ ಸತ್ತಂಗ" ಅನ್ನುತ್ತಿದ್ದರು. ಆ ಮಾತು ಜೆಲ್‌ಗೂ ಸರಿ. ಬ್ರಷ್ ಅದ್ದುವಾಗ ಕೂದಲಿನ ಅರ್ಧಕ್ಕಿಂತ ಮೇಲೆ ಹೋಗಬಾರದು. ಆದರೆ ಅವರು ರಾತ್ರಿಯಿಡೀ ಬ್ರಷ್‌ಗಳನ್ನು ಸೀಮೆಎಣ್ಣೆಯಲ್ಲಿ ನೆನೆಹಾಕುತ್ತಿದ್ದರು. ಅದನ್ನು ಇಲ್ಲಿ ಮಾಡಬೇಡಿ. ಜೆಲ್ ಬ್ರಷ್ ಯಾವುದರಲ್ಲೂ ನೆನೆಯಬಾರದು. ನೆನೆದರೆ ಕೊರಳೊಳಗಿನ ಗೋಂದು ಸಡಿಲವಾಗಿ, ಉಗುರಿನ ಮೇಲೆ ಬಣ್ಣಕ್ಕಿಂತ ಕೂದಲೇ ಜಾಸ್ತಿ ಉದುರುತ್ತದೆ.

ಇನ್ನು ದಿನದ ಕೆಲಸ. ಬ್ರಷ್ ಬಳಸಿ ಆದೊಡನೆ ಒರೆಸಬೇಕು, ನಾಳೆಗೆ ಅಂತ ಬಿಡಬಾರದು. ಹತ್ತಿ ಬೇಡವೇ ಬೇಡ. ಹತ್ತಿಯ ಎಳೆ ಅಂಟಿಗೆ ಹಿಡಿದುಕೊಂಡು ನಾಳೆ ಯಾರದೋ ಉಗುರಿನ ಮೇಲೆ ಕೂರುತ್ತದೆ. ಜುಂಗು ಬಿಡದ ವೈಪ್ಸ್ ಸಿಗುತ್ತವೆ. ಇಲ್ಲದಿದ್ದರೆ ಕನ್ನಡಕ ಒರೆಸುವಂಥ ನಯವಾದ ಬಟ್ಟೆಯನ್ನು ಸಣ್ಣ ಚೌಕ ಮಾಡಿ ಕತ್ತರಿಸಿ ಇಟ್ಟುಕೊಳ್ಳಿ. ಬ್ರಷ್ಷನ್ನು ಬಟ್ಟೆಯ ಮೇಲೆ ಮಲಗಿಸಿ, ಕೊರಳಿನಿಂದ ತುದಿಯ ಕಡೆಗೆ ಎಳೆಯಿರಿ. ತಿರುವಿ ಇನ್ನೊಂದು ಮಗ್ಗುಲು. ಹಿಂದೆ ಮುಂದೆ ಉಜ್ಜುವುದು, ತುದಿ ಒತ್ತಿ ಕುಕ್ಕುವುದು ಬೇಡ. ಇದೇನು ಬಾಣಲೆ ತಿಕ್ಕುವ ಕೆಲಸ ಅಲ್ವಲ್ಲ!

ಆಮೇಲೆ ರೊಟ್ಟಿ ಸುತ್ತುವ ಫಾಯಿಲ್ ಹಾಳೆಯ ಮೇಲೆ ಒಂದು ಹನಿ ಬಣ್ಣವಿಲ್ಲದ ಜೆಲ್ ಬಿಡಿ. ಬ್ರಷ್ಷನ್ನು ಅದರಲ್ಲಿ ಮೆಲ್ಲಗೆ ಹೊರಳಿಸಿ ಮತ್ತೆ ಒರೆಸಿ. ಎರಡು ಸಲ ಮಾಡಿದರೆ ಒಳಗೆ ಸೇರಿದ ಬಣ್ಣವೂ ಬರುತ್ತದೆ. ಜೆಲ್ಲಿನ ಬ್ರಷ್ಷನ್ನು ಜೆಲ್ಲಿನಿಂದಲೇ ತೊಳೆಯುವುದು ಅಂತ ಕೇಳಿದಾಗ ನನಗೂ ದುಂದು ಅನ್ನಿಸಿತ್ತು. ಈಗ ಇದೇ ಸರಿ ಅಂತ ನನ್ನ ಅಭಿಪ್ರಾಯ. ಕೂದಲು ಮೆತ್ತಗಿರುತ್ತದೆ, ತುದಿ ಚೂಪಾಗಿರುತ್ತದೆ. ಕೊನೆಗೆ ಕೂದಲಲ್ಲಿ ಪಸೆಯಷ್ಟು ಜೆಲ್ ಉಳಿಸಿ, ತುದಿ ಕೂಡಿಸಿ, ಕ್ಯಾಪ್ ಹಾಕಿ ಡಬ್ಬಿಗೆ ಸೇರಿಸಿ. ಕ್ಯಾಪ್ ಹಾಕುವಾಗ ಒಂದೆರಡು ಕೂದಲು ಹೊರಗೆ ಸಿಕ್ಕಿದರೆ ಬೆಳಗಾಗುವುದರಲ್ಲಿ ಬಾಗಿರುತ್ತವೆ, ಕಣ್ಣಿಟ್ಟು ನೋಡಿ. ಪಾರದರ್ಶಕ ಕ್ಯಾಪಾದರೆ ಅದು ಬೆಳಕು ತಡೆಯುತ್ತದೆ ಅಂತ ನಂಬಬೇಡಿ.

ಕಪ್ಪು, ಕೆಂಪು ಬಣ್ಣ ಮಾತ್ರ ಇಷ್ಟಕ್ಕೆ ಬಿಡುವುದಿಲ್ಲ. ಆಗ ಐಪಿಎ ಬೇಕು, ಅಂದರೆ ಐಸೊಪ್ರೊಪೈಲ್ ಆಲ್ಕೋಹಾಲ್. ಮೊಬೈಲ್ ರಿಪೇರಿಯವರು ಬೋರ್ಡು ಒರೆಸಲು ಇದನ್ನೇ ಬಳಸುತ್ತಾರೆ. ಬಟ್ಟೆಗೆ ನಾಲ್ಕು ಹನಿ ಹಾಕಿ ಅದರಿಂದ ಬ್ರಷ್ ಒರೆಸಿ, ಬಾಟಲಿಗೆ ಬ್ರಷ್ ಅದ್ದಬೇಡಿ. ದಿನಾ ದಿನಾ ಐಪಿಎ ತಾಗಿಸಿದರೆ ಕೂದಲು ಒಣಗಿ ಸೀಳುತ್ತದೆ. ಹಸಿ ಇರುವಾಗಲೇ ಜೆಲ್ ಡಬ್ಬಿಗೆ ಅದ್ದಿದರೆ ಜೆಲ್ ನೀರಾಗಿ, ಉಗುರಿಗೆ ಸರಿಯಾಗಿ ಹಿಡಿಯುವುದಿಲ್ಲ. ಒರೆಸಿ ಒಂದೆರಡು ನಿಮಿಷ ಬಿಡಿ, ತಾನೇ ಆರುತ್ತದೆ. ಒಬ್ಬರಿಗೆ ಬಳಸಿದ ಬ್ರಷ್ ಇನ್ನೊಬ್ಬರಿಗೆ ಮುಟ್ಟಿಸುವ ಮುಂಚೆಯೂ ಹೀಗೆ ಒರೆಸುತ್ತೇವೆ. ರೋಗಾಣು ಕೊಲ್ಲಲು 99ಕ್ಕಿಂತ ಶೇಕಡಾ 70ರ ಐಪಿಎ ಒಳ್ಳೆಯದು, ಅದರಲ್ಲಿರುವ ನೀರೇ ಆ ಕೆಲಸಕ್ಕೆ ಸಹಾಯ ಮಾಡುತ್ತದೆ. ಉಗುರಿಗೆ ಫಂಗಸ್ ಆದವರು ಬಂದರೆ ಸೊಸೆ ಕೆಲಸವನ್ನೇ ಹಿಡಿಯುವುದಿಲ್ಲ, ಮೊದಲು ಡಾಕ್ಟರಿಗೆ ತೋರಿಸಿ ಅಂತ ಕಳಿಸುತ್ತಾಳೆ.

ಕೊರೊನಾ ಕಾಲದ ಸ್ಯಾನಿಟೈಜರ್ ಮನೆಯಲ್ಲಿ ಇದೆಯಲ್ಲ, ಅದು ಆಗುವುದಿಲ್ಲವೇ ಅಂತ ಪಕ್ಕದ ಮನೆಯವರು ಕೇಳಿದರು. ಆಗುವುದಿಲ್ಲ. ಕೈ ಒಣಗಬಾರದು ಅಂತ ಅದಕ್ಕೆ ಗ್ಲಿಸರಿನ್ ಮುಂತಾದವನ್ನು ಸೇರಿಸಿರುತ್ತಾರೆ. ಅದು ಕೂದಲಲ್ಲೇ ಉಳಿಯುತ್ತದೆ. ಅಸಿಟೋನ್ ಅಂತೂ ಇನ್ನೂ ಖಾರ. ಬ್ರಷ್‌ನ ಕೂದಲು ಒರಟಾಗುತ್ತದೆ, ಹಿಡಿಕೆಯ ಬಣ್ಣ ಏಳುತ್ತದೆ, ಕೊರಳಿನ ಗೋಂದೂ ಹೋಗುತ್ತದೆ. ಅದು ಉಗುರಿನ ಜೆಲ್ ತೆಗೆಯಲಿಕ್ಕೆ ಇರಲಿ. ನೀರು, ಸೋಪಿನ ಕಥೆ ಮೊದಲೇ ಹೇಳಿದೆ. ಅವಕ್ಕೆ ಜೆಲ್ ಜಗ್ಗುವುದೇ ಇಲ್ಲ.

ಒಮ್ಮೆ ಗಟ್ಟಿಯಾದ ಬ್ರಷ್ ಸರಿ ಹೋಗುತ್ತದೆಯೇ? ಖಡಕ್ ರೊಟ್ಟಿ ಸಾರಿನಲ್ಲಿ ನೆನೆದರೆ ಮೆತ್ತಗಾಗುತ್ತದೆ, ಮತ್ತೆ ಹಿಟ್ಟಾಗುತ್ತದೆಯೇ? ಇದೂ ಹಾಗೇ. ಉಗುರಿನಿಂದ ನೆನೆಸಿ ತೆಗೆಯುವ ಜಾತಿಯ ಜೆಲ್ ಆದರೆ ಅಸಿಟೋನ್‌ಗೆ ಉಬ್ಬಿ ಪದರ ಪದರ ಏಳುತ್ತದೆ, ಕರಗುವುದಿಲ್ಲ. ಹಾರ್ಡ್ ಜೆಲ್ ಅದಕ್ಕೂ ಬಗ್ಗದು, ಅರದಿಂದ ತಿಕ್ಕಿಯೇ ತೆಗೆಯಬೇಕು. ತುದಿಯ ಒಂದೆರಡು ಕೂದಲಷ್ಟೇ ಸೆಟೆದಿದ್ದರೆ ಸಣ್ಣ ಕತ್ತರಿಯಲ್ಲಿ ಬುಡದಿಂದ ಕತ್ತರಿಸಿ, ಬ್ರಷ್ ಉಳಿಯುತ್ತದೆ. ಪೂರ್ತಿ ಸೆಟೆದರೆ ಅದರ ಆಸೆ ಬಿಡಿ. ನಾನು ಹಾಳು ಮಾಡಿದ ಐದರಲ್ಲಿ ಒಂದನ್ನು ಹೊಲಿಗೆ ಮಿಷನ್ನಿನ ಸಂದಿಯ ಧೂಳು ತೆಗೆಯಲು ಇಟ್ಟುಕೊಂಡಿದ್ದೇನೆ.

ಕೆಲಸದ ನಡುವೆಯೂ ಈ ಎಚ್ಚರ ಇರಬೇಕು. ಗಿರಾಕಿಯ ಕೈ ದೀಪದೊಳಗೆ ಇರುವಾಗ ಬ್ರಷ್ಷನ್ನು ದೀಪದ ಬಾಯಿಯ ಮುಂದೆ ಇಡುತ್ತಾರೆ. ಹೊರಗೆ ಚೆಲ್ಲುವ ಆ ನೀಲಿ ಬೆಳಕು ಸಾಕು, ತುದಿ ಹಿಡಿದುಕೊಳ್ಳುತ್ತದೆ. ಜೆಲ್ ಡಬ್ಬಿಯ ಮುಚ್ಚಳವೂ ಹಾಗೇ, ತೆರೆದು ಮರೆಯಬಾರದು. ನಾವು ಮೇಜನ್ನೇ ಕಿಟಕಿಯಿಂದ ದೂರ ಸರಿಸಿಬಿಟ್ಟೆವು. ಮದುಮಗಳ ಮನೆಗೆ ಹೋಗುವ ದಿನ ಸಾಮಾನನ್ನು ಸ್ಕೂಟಿ ಡಿಕ್ಕಿಯಲ್ಲಿ ಮಧ್ಯಾಹ್ನವೆಲ್ಲ ಬಿಡುವುದಿಲ್ಲ. ಜೊತೆಗೇ ಒಳಗೆ ಒಯ್ಯುತ್ತಾಳೆ. ಇನ್ನು ಈ ಕೋಣೆ ಮತ್ತು ರೊಟ್ಟಿ ತಟ್ಟುವ ಜಾಗ ಹತ್ತಿರ ಇರಬಾರದು. ಜೋಳದ ಹಿಟ್ಟು ಹಾರಿ ಅಂಟಿಗೆ ಕೂರುತ್ತದೆ ಅನ್ನುವುದು ಸಣ್ಣ ಮಾತು. ಐಪಿಎ, ಅಸಿಟೋನ್ ಎರಡೂ ಭಗ್ಗನೆ ಹತ್ತುತ್ತವೆ. ಒಲೆ, ದೇವರ ದೀಪ, ಊದುಬತ್ತಿ ಯಾವುದೂ ಸಮೀಪ ಬೇಡ. ಬಾಟಲಿಯ ಮೇಲೆ ದೊಡ್ಡದಾಗಿ ಹೆಸರು ಬರೆಯಿರಿ. ನೋಡಲು ನೀರಿನ ಹಾಗೇ ಇರುತ್ತದೆ, ಮನೆಯಲ್ಲಿ ಮಕ್ಕಳಿರುತ್ತಾರೆ.

ಕೈಯ ಮಾತು ಹೇಳಲೇಬೇಕು. ದಾರ ಪೋಣಿಸುವಾಗ ತುದಿಯನ್ನು ಬಾಯಲ್ಲಿ ಹಸಿ ಮಾಡುವ ಅಭ್ಯಾಸ ನಮಗೆಲ್ಲ ಇದೆ. ಬ್ರಷ್ ತುದಿಯನ್ನು ಹಾಗೆ ಬಾಯಲ್ಲೂ ಬೇಡ, ಬರಿ ಬೆರಳಲ್ಲೂ ಬೇಡ. ಗಟ್ಟಿಯಾಗದ ಬಹಳಷ್ಟು ಜೆಲ್ಲುಗಳಲ್ಲಿ ಹೇಮಾ ಅನ್ನುವ ಅಕ್ರಿಲೇಟ್ ಜಾತಿಯ ರಾಸಾಯನಿಕ ಇರುತ್ತದೆ. ಹೆಸರು ಹುಡುಗಿಯದು, ಗುಣ ಬೇರೆ! ಮತ್ತೆ ಮತ್ತೆ ಚರ್ಮಕ್ಕೆ ತಾಗಿದರೆ ಕೆಲವರಿಗೆ ಅಲರ್ಜಿ ಶುರುವಾಗುತ್ತದೆ. ಬೆರಳ ತುದಿ ಕೆಂಪಾಗಿ, ತುರಿಸಿ, ಬಿರಿಯುತ್ತದೆ. ಒಮ್ಮೆ ಬಂದರೆ ಸಾಮಾನ್ಯವಾಗಿ ಜನ್ಮಪೂರ್ತಿ ಜೊತೆಗಿರುತ್ತದೆ. ಹಲ್ಲಿಗೆ ತುಂಬುವ ಬಿಳಿ ಫಿಲ್ಲಿಂಗ್‌ನಲ್ಲೂ ಇದೇ ಜಾತಿಯ ವಸ್ತು ಇರುವುದರಿಂದ ಅಲ್ಲಿಯೂ ತೊಂದರೆ ಆಗಬಹುದು. ಬ್ರಷ್ ಒರೆಸುವಾಗ ನಾನು ನೈಟ್ರೈಲ್ ಗ್ಲೌಸ್ ಹಾಕುತ್ತೇನೆ. ಜೆಲ್ ಬಿದ್ದರೆ ಗ್ಲೌಸ್ ಬದಲಿಸುತ್ತೇನೆ, ಯಾಕೆಂದರೆ ತಡ ಮಾಡಿದರೆ ಅದರ ಮೂಲಕವೂ ಇಳಿಯುತ್ತದೆ. ಮಾಮೂಲಿ ರಬ್ಬರ್ ಗ್ಲೌಸಿನಲ್ಲಂತೂ ಇನ್ನೂ ಬೇಗ.

ಹೊಸ ಬ್ರಷ್ ತಂದಾಗ ಕೂದಲು ಗಂಜಿ ಹಾಕಿದ ಸೀರೆಯ ಹಾಗೆ ಬಿರುಸಾಗಿರುತ್ತದೆ. ಹಾಳಾಗಿದೆ ಅಂತ ವಾಪಸ್ ಕೊಡಬೇಡಿ. ಆಕಾರ ಕೆಡಬಾರದು ಅಂತ ಹಚ್ಚಿದ ಗೋಂದು ಅದು. ಬೆರಳಲ್ಲಿ ಮೆಲ್ಲಗೆ ನೀವಿ ಬಿಡಿಸಿ, ಪುಡಿ ಉದುರಿಸಿ, ಒಮ್ಮೆ ಐಪಿಎ ಬಟ್ಟೆಗೆ ಒರೆಸಿ, ಆರಿದ ಮೇಲೆ ಬಣ್ಣವಿಲ್ಲದ ಜೆಲ್ ಕುಡಿಸಿ. ಜೆಲ್ಲಿನ ಬ್ರಷ್ಷನ್ನು ಅಕ್ರಿಲಿಕ್ ಪುಡಿಯಿಂದ ಕೃತಕ ಉಗುರು ಕಟ್ಟುವ ಕೆಲಸಕ್ಕೆ ಬಳಸಬಾರದು. ಬಿಳಿ ಬಣ್ಣಕ್ಕೂ ಒಂದು ಬೇರೆ ಬ್ರಷ್ ಇಡಿ, ಎಷ್ಟೇ ಒರೆಸಿದರೂ ಕಪ್ಪಿನ ನೆರಳು ಅದರಲ್ಲಿ ಕಂಡೇ ಕಾಣುತ್ತದೆ.

ಒರೆಸಿದ ಬಟ್ಟೆ ಚೂರು, ಫಾಯಿಲ್ ತುಂಡು ಹಾಗೇ ಕಸದ ಬುಟ್ಟಿಗೆ ಹೋಗಬಾರದು. ಕಸದವರ ಕೈಗೆ ಹಸಿ ಜೆಲ್ ತಾಗುತ್ತದೆ. ಮೊದಲು ಐಪಿಎ ಆರಲು ಬಿಡುತ್ತೇನೆ. ಆಮೇಲೆ ಹಳೆಯ ತಟ್ಟೆಯೊಂದರಲ್ಲಿ ಬಿಡಿಸಿ ಹರವಿ, ಗಾಳಿಗೆ ಹಾರದಂತೆ ಕಲ್ಲು ಹೇರಿ, ಮಾಳಿಗೆ ಮೇಲೆ ಇಡುತ್ತೇನೆ. ಸಂಜೆಗೆ ಎಲ್ಲ ಗಟ್ಟಿಯಾಗಿರುತ್ತದೆ. ಮೊನ್ನೆ ತಟ್ಟೆ ಹಿಡಿದು ಮೆಟ್ಟಿಲು ಹತ್ತುತ್ತಿದ್ದೆ. ಸೊಸೆ ಓಡಿ ಬಂದು ತಟ್ಟೆಯೊಳಗೆ ಇಣುಕಿದಳು. "ಬ್ರಷ್ ಇಲ್ಲವಾ, ನೋಡ್ಕೋ" ಅಂದೆ.