ಜೀವಪರ ಸೇವೆಗೆ ಗಂಡಸರು ಬಂದ ಬಗೆ: ನನ್ನ ಅನುಭವ

ಬಳ್ಳಾರಿ ಕಥೋಲಿಕ ಧರ್ಮಪ್ರಾಂತ್ಯದ ನಮ್ಮ ಧರ್ಮಕೇಂದ್ರದಲ್ಲಿ, ಅಂದರೆ ನಮ್ಮ ಊರಿನ ಚರ್ಚಿನಲ್ಲಿ, ಗರ್ಭದಲ್ಲಿರುವ ಮಗುವಿನ ಪರವಾದ ಸೇವೆ ಎಂದರೆ ಸಿಸ್ಟರುಗಳೂ ಮಹಿಳಾ ಸಂಘದವರೂ ನೋಡಿಕೊಳ್ಳುವ ಕೆಲಸವೆಂದೇ ಬಹುಕಾಲ ನಡೆದುಬಂದಿತ್ತು. ಗಂಡಸರು ಜಪಸರದ ಪ್ರಾರ್ಥನೆಗೆ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದರು, ಚಂದಾ ಕೇಳಿದರೆ ಕೊಡುತ್ತಿದ್ದರು, ಉಳಿದದ್ದು ಹೆಂಗಸರ ವಿಷಯವೆಂದು ಕೈಮುಗಿದು ಎದ್ದುಬಿಡುತ್ತಿದ್ದರು. ಈ ಸೇವೆಯ ಹೊಣೆ ನನಗೆ ಬಂದಾಗ ಚರ್ಚಿನ ಬಲಿಪೂಜೆಯ (ಮಾಸ್) ಕೊನೆಯಲ್ಲಿ ಓದುವ ಪ್ರಕಟಣೆಯನ್ನು ನೆಚ್ಚಿಕೊಳ್ಳದೆ, ಒಬ್ಬೊಬ್ಬರ ಮನೆಗೇ ಹೋಗಿ, ಅವರಿಂದಾಗುವ ಒಂದೇ ಒಂದು ಕೆಲಸವನ್ನು ಹೇಳಿ ಕೇಳತೊಡಗಿದೆ.

ಆಟೋ ಇದ್ದವರನ್ನು ರಾತ್ರಿ ಹೊತ್ತು ಹೆರಿಗೆ ನೋವು ಬಂದವರನ್ನು ಬಳ್ಳಾರಿಯ ವಿಮ್ಸ್ ಸರ್ಕಾರಿ ಆಸ್ಪತ್ರೆಗೆ ಮುಟ್ಟಿಸಲು ಕೇಳಿದೆ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಪಾಳಿಯ ಮೇಲೆ ದುಡಿಯುವವರಿಗೆ ಭಾನುವಾರದ ಸಭೆ ಒಗ್ಗುವುದಿಲ್ಲವಾದ್ದರಿಂದ ಅವರಿಗೆ ಸಭೆಯನ್ನೇ ಕೈಬಿಟ್ಟು ರಕ್ತದಾನವನ್ನು ಒಪ್ಪಿಸಿದೆ. ಆರೋಗ್ಯವಂತ ಗಂಡಸು 3 ತಿಂಗಳಿಗೊಮ್ಮೆ ರಕ್ತ ಕೊಡಬಹುದು. ರಕ್ತಹೀನತೆಯ ಬಸುರಿಯರು ಇಷ್ಟೊಂದಿರುವ ನಮ್ಮ ಸೀಮೆಯಲ್ಲಿ ಅದಕ್ಕಿಂತ ನೇರವಾದ ಜೀವಪರ ಸೇವೆ ನನಗಂತೂ ತೋಚಲಿಲ್ಲ. ಗಾರೆ ಕೆಲಸದ ಒಬ್ಬರು, ಗಂಡ ಬೆಂಗಳೂರಿಗೆ ಗುಳೆ ಹೋಗಿದ್ದ ಬಸುರಿ ಹೆಣ್ಣುಮಗಳೊಬ್ಬಳ ‘ತಾಯಿ ಕಾರ್ಡಿ’ನಲ್ಲಿ (ಬಸುರಿಯರ ತಪಾಸಣೆಯ ವಿವರ ಬರೆಯುವ ಕಾರ್ಡು) ಹಿಮೋಗ್ಲೋಬಿನ್ 7 ಎಂದಿದ್ದುದನ್ನು ಬೆರಳಿಟ್ಟು ಓದಿ, 11 ಇರಬೇಕಿತ್ತೆಂದು ನನ್ನಿಂದ ತಿಳಿದ ಮೇಲೆ, ತಮ್ಮ ಹೆಂಡತಿಯ ಕಾರ್ಡನ್ನು ಒಮ್ಮೆಯೂ ತೆರೆದು ನೋಡಿಲ್ಲವೆಂದರು. ಮುಂದೆ ಗುಳೆ ಹೋದವರ ಮನೆಗಳ ಪಟ್ಟಿಯನ್ನು ಅವರೇ ಇಟ್ಟುಕೊಂಡರು.

ಕೆಲಸ ಹಿಡಿದ ಮೇಲೆಯೇ ಮಾತು ಬಂತು. ಗರ್ಭಪಾತಕ್ಕೆ 1971ರ ಕಾಯ್ದೆ ವಯಸ್ಕ ಹೆಂಗಸಿನ ಒಪ್ಪಿಗೆಯನ್ನಷ್ಟೇ ಕೇಳುತ್ತದೆ, ಗಂಡನದನ್ನಲ್ಲ. ಹಾಗಿದ್ದಮೇಲೆ ನಮ್ಮದೇನಿದೆ ಎಂದು ಕೆಲವರು ಕೇಳಿದರು. ಕಾನೂನು ನಿಮ್ಮನ್ನು ಕೇಳದಿದ್ದರೂ ಆಕೆ ಮನೆಯಲ್ಲಿ ನಿಮ್ಮ ಮುಖ ನೋಡಿಯೇ ನಿರ್ಧರಿಸುತ್ತಾಳಲ್ಲ ಎಂದೆ. ಪೋಪ್ ಎರಡನೇ ಜಾನ್ ಪೌಲರು 1995ರ ಮಾರ್ಚ್ 25ರಂದು ಹೊರಡಿಸಿದ ‘ಎವಾಂಜೆಲಿಯುಂ ವೀಟೆ’ ವಿಶ್ವಪತ್ರದ 59ನೇ ಪರಿಚ್ಛೇದವನ್ನು ಓದಿಸಿದೆ: ಒತ್ತಾಯಿಸಿದ ತಂದೆಯಷ್ಟೇ ಅಲ್ಲ, ಬಸುರಿನ ಕಷ್ಟದಲ್ಲಿ ಆಕೆಯನ್ನು ಒಂಟಿಯಾಗಿ ಬಿಟ್ಟ ತಂದೆಯೂ ತಪ್ಪಿತಸ್ಥನಾಗಬಹುದೆಂದು ಅದು ಹೇಳುತ್ತದೆ. ಆ ಸಂಜೆ ಯಾರೂ ವಾದಕ್ಕಿಳಿಯಲಿಲ್ಲ. ಎರಡು ಹೆಣ್ಣಾದ ಮೇಲೆ ಮೂರನೆಯದನ್ನು ಪರೀಕ್ಷಿಸಲು ಹೊರಟಿದ್ದ ಬಂಧುವೊಬ್ಬನನ್ನು ತಡೆಯುವುದು ಹೇಗೆಂದು ಒಬ್ಬರು ಕೇಳಿದರು. 1994ರ ಕಾಯ್ದೆಯ ಪ್ರಕಾರ ಲಿಂಗಪತ್ತೆ ಅಪರಾಧವೆಂಬುದು ಅವರಿಗೆ ಗೊತ್ತಿತ್ತು, ಆದರೆ ಅದನ್ನು ಮನೆಯವರೆದುರು ಹೇಳುವ ಧೈರ್ಯ ಬೇಕಿತ್ತು.

ಒಂದು ಕಟ್ಟಳೆಯನ್ನು ಮಾತ್ರ ಸಡಿಲಿಸಿಲ್ಲ. ನಮ್ಮ ಗಂಡಸರು ಯಾವ ಆಸ್ಪತ್ರೆಯ ಬಾಗಿಲಲ್ಲೂ ನಿಂತು ಹೆಂಗಸರಿಗೆ ಬುದ್ಧಿ ಹೇಳುವುದಿಲ್ಲ. ಆಕೆಯೊಡನೆ ಮಾತು ಸಿಸ್ಟರುಗಳದು, ಬಾಡಿಗೆ, ಔಷಧ, ರೇಷನ್ನಿನ ಓಡಾಟ ಇವರದು. ಮದುವೆಯಾಗದ ಹುಡುಗರು ಇನ್ನೂ ದೂರವೇ ಇದ್ದಾರೆ. ಅದಕ್ಕಾಗಿ ವಿವಾಹಪೂರ್ವ ಸಿದ್ಧತಾ ಶಿಬಿರದಲ್ಲಿ ಒಂದು ತರಗತಿಯನ್ನು ಗುರುಗಳ ಬದಲು ಸಂಸಾರಿಯಾದ ತಂದೆಯೊಬ್ಬರು ನಡೆಸಲೆಂದು ಕೇಳಿದ್ದೇವೆ, ಗಾರೆ ಕೆಲಸದವರೇ ಮೊದಲಿಗೆ ಒಪ್ಪಿದ್ದಾರೆ.